ಮಹಮೂದ ಗವಾನನೂ ಅಧಿಕಾರದ ಮೇರೆಯೂ

ಕಚೇರಿಯ ಕಾರ್ಯಕ್ಕಾಗಿ ಭಾಲ್ಕಿ, ಔರಾದಗಳಿಂದ ಬೀದರ ನಗರಕ್ಕೆ ಬರುವವರೆಲ್ಲರೂ ಅಲ್ಲಿಯ ಮದರಸಾದ ಭಗ್ನ ಗೋಡೆಗಳನ್ನೂ ಉಳಿದಿರುವ ಒಂದು ಮಿನಾರನ್ನೂ ಕಂಡೇ ಇರುವರು. ೧೪೭೨ರಲ್ಲಿ ಅದನ್ನು ಕಟ್ಟಿಸಿದ ಮಹಮೂದ ಗವಾನನ ಹೆಸರೂ ಅವರಿಗೆ ಪರಿಚಿತವೇ. ಆದರೆ ಆ ಅಮಾತ್ಯನ ಉತ್ಕರ್ಷದಲ್ಲಿಯೂ ಅಂತ್ಯದಲ್ಲಿಯೂ ನಾಗರಿಕಶಾಸ್ತ್ರದ ಮೂಲಪಾಠವೊಂದು ಅಡಗಿರುವುದನ್ನು ಮನಗಂಡವರು ವಿರಳ.

ಪರ್ಷಿಯಾದ ಗೀಲಾನ ಪ್ರಾಂತದ ಕುಲೀನ ಮನೆತನದಲ್ಲಿ ಜನಿಸಿದ ಗವಾನನು ವ್ಯಾಪಾರಾರ್ಥವಾಗಿ ೧೪೫೩ರ ಸುಮಾರಿಗೆ ದಾಭೋಳ ಬಂದರಿನಲ್ಲಿಳಿದು ಬೀದರಕ್ಕೆ ಬಂದನು. ಬಹಮನಿ ಸುಲ್ತಾನರು ಅವನ ವಿದ್ವತ್ತನ್ನೂ ದಕ್ಷತೆಯನ್ನೂ ಮೆಚ್ಚಿ ಸೇವೆಗೆ ಸೇರಿಸಿಕೊಂಡರು. ಬಾಲಕನಾದ ನಿಜಾಮ ಶಹನ ಕಾಲದಲ್ಲಿ ರಾಜಮಾತೆಯೊಡನೆ ರಾಜ್ಯಭಾರವನ್ನು ಹೊತ್ತ ಮೂವರಲ್ಲಿ ಈತನೊಬ್ಬನು. ಮುಂದೆ ಮೂರನೆಯ ಮುಹಮ್ಮದ ಶಹನ ಪ್ರಧಾನಾಮಾತ್ಯನಾಗಿ ಗೋವೆಯನ್ನು ಗೆದ್ದನು. ಅಷ್ಟು ಅಧಿಕಾರವಿದ್ದರೂ ಸ್ವಂತಕ್ಕೆ ಸಾದಾ ಬಾಳು ಬಾಳಿ, ಗಳಿಸಿದ್ದನ್ನು ವಿದ್ಯೆಗೂ ಬಡವರಿಗೂ ವಿನಿಯೋಗಿಸಿದನೆಂದು ಇತಿಹಾಸಕಾರರು ಬರೆದಿರುವರು.

ಅವನ ನಿಜವಾದ ಕೀರ್ತಿಯು ಆಡಳಿತ ಸುಧಾರಣೆಯದು. ನಾಲ್ಕು ತರಫುಗಳಾಗಿದ್ದ ರಾಜ್ಯವನ್ನು ಅವನು ಎಂಟಾಗಿ ವಿಂಗಡಿಸಿದನು. ಒಬ್ಬೊಬ್ಬ ತರಫದಾರನ ವಶದಲ್ಲಿ ಒಂದೇ ಕೋಟೆಯನ್ನುಳಿಸಿ, ಮಿಕ್ಕವುಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸುವಂತೆ ಮಾಡಿದನು. ಭೂಮಿಯನ್ನು ಅಳೆಯಿಸಿ ಕಂದಾಯವನ್ನು ಕ್ರಮಗೊಳಿಸಿದನು. ಒಬ್ಬನ ಕೈಯಲ್ಲಿ ಅಧಿಕಾರವೆಲ್ಲ ಕೂಡಿದರೆ ಅನರ್ಥವೆಂಬ ತತ್ತ್ವವನ್ನು ಅವನು ಅರಿತಿದ್ದನು. ಮುನ್ನೂರು ವರ್ಷಗಳ ತರುವಾಯ, ೧೭೮೭ರಲ್ಲಿ, ಫಿಲಡೆಲ್ಫಿಯಾದಲ್ಲಿ ಅಮೆರಿಕದ ರಾಜ್ಯಘಟನೆಯನ್ನು ರಚಿಸಿದವರು ಇದೇ ತತ್ತ್ವವನ್ನು ಪೂರ್ಣಗೊಳಿಸಿದರು. ಶಾಸನವನ್ನು ಕಾಂಗ್ರೆಸ್ಸಿಗೂ, ಆಡಳಿತವನ್ನು ಅಧ್ಯಕ್ಷನಿಗೂ, ನ್ಯಾಯನಿರ್ಣಯವನ್ನು ನ್ಯಾಯಾಲಯಗಳಿಗೂ ವಹಿಸಿ, ಒಂದು ಮತ್ತೊಂದನ್ನು ತಡೆಯುವಂತೆ ಏರ್ಪಡಿಸಿದರು. ಗವಾನನ ಕಟ್ಟುಗಳಾದರೋ ಸಿಂಹಾಸನದ ಕೆಳಗಿನವರಿಗೆ ಮಾತ್ರ. ಸಿಂಹಾಸನಕ್ಕೆ ಯಾವ ಕಟ್ಟೂ ಇರಲಿಲ್ಲ.

ಆ ಕೊರತೆಯೇ ಅವನನ್ನು ನುಂಗಿತು. ಅಧಿಕಾರ ಕುಗ್ಗಿದ ಸರದಾರರು ಅವನ ಮುದ್ರೆಯನ್ನು ಕಾಯುತ್ತಿದ್ದವನಿಗೆ ಲಂಚವಿತ್ತು ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಕೃತ್ರಿಮ ಪತ್ರವನ್ನು ಅದರ ಮೇಲೆ ಬರೆದು ಸುಲ್ತಾನನಿಗೊಪ್ಪಿಸಿದರು. ಪಾನಮತ್ತನಾಗಿದ್ದ ಸುಲ್ತಾನನು ಅಮಾತ್ಯನನ್ನು ಕರೆಯಿಸಿದನು. ಮುದ್ರೆ ತನ್ನದು, ಬರೆಹ ತನ್ನದಲ್ಲವೆಂದು ಗವಾನನು ಅರಿಕೆ ಮಾಡಿದನು. ಅಕ್ಷರವನ್ನು ಪರೀಕ್ಷಿಸಲಿಲ್ಲ, ಸಾಕ್ಷಿಯನ್ನು ಕೇಳಲಿಲ್ಲ. ೧೪೮೧ರ ಏಪ್ರಿಲಿನಲ್ಲಿ ಎಪ್ಪತ್ತರ ಆ ವೃದ್ಧನ ಶಿರಚ್ಛೇದವಾಯಿತು. ಸತ್ಯವು ಹೊರಬಿದ್ದಾಗ ಸುಲ್ತಾನನು ಪರಿತಪಿಸಿದನು; ಮರುವರ್ಷವೇ ಅವನೂ ಗತಿಸಿದನು. ಕೆಲವೇ ದಶಕಗಳಲ್ಲಿ ರಾಜ್ಯವು ಐದು ಹೋಳಾಯಿತು.

ನ್ಯಾಯೋಚಿತ ಕ್ರಮವಿಲ್ಲದೆ ಯಾರ ಪ್ರಾಣವನ್ನೂ ಕಳೆಯಕೂಡದೆಂದು ಅಮೆರಿಕದ ರಾಜ್ಯಘಟನೆಗೆ ೧೭೯೧ರಲ್ಲಿ ತಿದ್ದುಪಡಿಯಾಯಿತು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೨೧ನೆಯ ಅನುಚ್ಛೇದವೂ ಕಾನೂನಿನ ಕ್ರಮವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಹರಿಸಕೂಡದೆಂದು ವಿಧಿಸುತ್ತದೆ. ಸಮರ್ಥನೂ ಸಚ್ಚರಿತನೂ ಆದ ಮಂತ್ರಿಯಿದ್ದರೆ ಸಾಲದು. ಅವನನ್ನೂ ಕಟ್ಟಕಡೆಯ ರೈತನನ್ನೂ ಸಮನಾಗಿ ಕಾಯುವ ಕ್ರಮವಿರಬೇಕು. ತಮ್ಮ ಮುಂದಿರುವ ಕಾಗದವನ್ನು ನಂಬುವ ಮೊದಲು ಎದುರಿಗೆ ನಿಂತವನ ಮಾತನ್ನು ಕೇಳುವ ಅಧಿಕಾರಿಯೇ ಆ ಕ್ರಮದ ನಿಜವಾದ ರಕ್ಷಕನು.