ಕಲಾವಿದ ಟಿ. ಎನ್. ಬಾಲಕೃಷ್ಣ

ಹಾಸನ ಜಿಲ್ಲೆಯ ನೆಲ ಎರಡು ಬಗೆಯದು. ಪಶ್ಚಿಮದಲ್ಲಿ ಸಕಲೇಶಪುರ, ಆಲೂರುಗಳ ಮಲೆನಾಡು. ವನಗೂರಿನಂತಹ ಊರುಗಳು, ಕಾಫಿ ಏಲಕ್ಕಿಗಳ ತೋಟಗಳು, ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆ. ಪೂರ್ವಕ್ಕೆ ಸಾಗಿದಂತೆ ಬೆಟ್ಟಗಳು ತಗ್ಗುತ್ತವೆ, ಮಳೆ ಕಡಿಮೆಯಾಗುತ್ತದೆ. ತೆಂಗಿನ ತೋಟಗಳೂ ರಾಗಿಯ ಹೊಲಗಳೂ ಹರಡಿಕೊಂಡಿರುವ ಅರಸೀಕೆರೆಯ ಬಯಲುಸೀಮೆ ಬರುತ್ತದೆ. ಹೊಯ್ಸಳರ ಕಾಲದ ಶಿವಾಲಯಕ್ಕೂ ರೈಲು ದಾರಿಗಳು ಕೂಡುವ ನಿಲ್ದಾಣಕ್ಕೂ ಹೆಸರಾದ ಆ ಅರಸೀಕೆರೆಯಲ್ಲಿ 1911ನೆಯ ಇಸವಿ ನವೆಂಬರ್ 2ರಂದು ಟಿ. ಎನ್. ಬಾಲಕೃಷ್ಣ ಅವರು ಜನಿಸಿದರು. ಮುಂದೆ ಕನ್ನಡ ನಾಡಿನ ಮನೆಮನೆಯ ಜನರೂ ಅವರನ್ನು ಬಾಲಣ್ಣ ಎಂದೇ ಕರೆದರು.

ಬಾಲಕೃಷ್ಣ ಅವರು ಚಲನಚಿತ್ರಗಳಲ್ಲಿ ಕಥಾನಾಯಕರಾಗಿ ಮೆರೆದವರಲ್ಲ. ಅವರದು ಪೋಷಕ ನಟನ ಬಾಳು. ಕಥೆಯಲ್ಲಿ ನಾಯಕನಿಗೆ ತಂದೆ ಬೇಕು, ಮಾವ ಬೇಕು, ಬಡ್ಡಿಯ ಲೆಕ್ಕ ಹೇಳುವ ಸಾಹುಕಾರ ಬೇಕು, ಊರಿನಲ್ಲಿ ಚಾಡಿ ಹಬ್ಬಿಸುವ ಮುದುಕ ಬೇಕು. ಇಂತಹ ಪಾತ್ರಗಳು ನಿಜವೆಂದು ತೋರದಿದ್ದರೆ ನಾಯಕನ ಕಷ್ಟವಾಗಲಿ ಸುಖವಾಗಲಿ ನೋಡುವವರ ಮನಸ್ಸಿಗೆ ನಾಟುವುದಿಲ್ಲ. ಮನೆಯ ಬೋದಿಗೆಯನ್ನು ಯಾರೂ ನಿಂತು ನೋಡುವುದಿಲ್ಲವಾದರೂ ತೊಲೆಯ ಭಾರವನ್ನು ಅದೇ ಹೊರುತ್ತದೆ. ಅರ್ಧ ಶತಮಾನದ ಕಾಲ, 500ಕ್ಕೂ ಹೆಚ್ಚು ಚಿತ್ರಗಳಲ್ಲಿ, ಬಾಲಕೃಷ್ಣ ಅವರು ಅಂತಹ ಭಾರವನ್ನು ಹೊತ್ತರು.

ಅವರ ಬಾಲ್ಯ ಬಡತನದಲ್ಲಿ ಕಳೆಯಿತು. ಬಡತನದ ಜೊತೆಗೆ ಇನ್ನೊಂದು ಕೊರತೆಯೂ ಇತ್ತು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಇಂತಹ ಹುಡುಗನು ಮಾತನ್ನೇ ನೆಚ್ಚಿಕೊಂಡ ಒಂದು ಕಲೆಗೆ ಹೇಗೆ ಬಂದನೆಂಬುದು ಯಾರಿಗಾದರೂ ಸೋಜಿಗವೇ. ಅಂದಿನ ದಿನಗಳಲ್ಲಿ ವೃತ್ತಿ ನಾಟಕ ಮಂಡಳಿಗಳು ಊರಿಂದೂರಿಗೆ ಸಂಚರಿಸುತ್ತಿದ್ದವು. ಮಳೆಗಾಲ ಕಳೆದು ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಊರ ಹೊರಗಿನ ಬಯಲಿನಲ್ಲಿ ತಗಡಿನ ಇಲ್ಲವೆ ಗುಡಾರದ ರಂಗಮಂದಿರ ಏಳುತ್ತಿತ್ತು. ಪರದೆಗಳು, ಹಾರ್ಮೋನಿಯಂ, ಗ್ಯಾಸ್ ಲೈಟು, ರಾತ್ರಿಯೆಲ್ಲ ನಡೆಯುವ ಪೌರಾಣಿಕ ನಾಟಕ. ಬಾಲಕೃಷ್ಣ ಅವರು ಹದಿಹರೆಯದಲ್ಲಿಯೇ ಈ ಲೋಕವನ್ನು ಸೇರಿದರು. ಮೊದಮೊದಲು ರಂಗದ ಹಿಂದಿನ ಕೆಲಸಗಳಲ್ಲಿ ದುಡಿದರು. ಬಣ್ಣ ಹಚ್ಚುವ ಅವಕಾಶ ಅನಂತರ ಬಂತು.

ಆ ಕಾಲದ ನಾಟಕಗಳಲ್ಲಿ ಒಂದು ಏರ್ಪಾಡು ಇತ್ತು. ಪಕ್ಕದ ಪರದೆಯ ಮರೆಯಲ್ಲಿ ಒಬ್ಬನು ನಾಟಕದ ಪ್ರತಿಯನ್ನು ಹಿಡಿದು ನಿಂತಿರುತ್ತಿದ್ದನು. ನಟನು ಮಾತು ಮರೆತರೆ ಮೆಲ್ಲನೆ ಎತ್ತಿಕೊಡುತ್ತಿದ್ದನು. ಅನುಭವಿಗಳಾದ ನಟರು ಕೂಡ ಈ ಪಿಸುಮಾತನ್ನು ನಂಬಿಕೊಂಡು ರಂಗಕ್ಕೆ ಇಳಿಯುತ್ತಿದ್ದುದುಂಟು. ಕಿವಿ ಮಂದವಾದವನಿಗೆ ಈ ಆಸರೆ ಎಲ್ಲಿಯದು? ಎದುರಿನ ನಟನ ಮಾತು ಮುಗಿಯಿತೆಂದು ತಿಳಿದರಲ್ಲವೆ ತನ್ನ ಮಾತನ್ನು ಆರಂಭಿಸುವುದು? ಬಾಲಕೃಷ್ಣ ಅವರು ಇದಕ್ಕೆ ಕಂಡುಕೊಂಡ ದಾರಿ ಕಣ್ಣಿನದು. ಎದುರಿಗಿದ್ದವರ ತುಟಿಯ ಚಲನೆಯನ್ನು ನೋಡಿಯೇ ಅವರು ಮಾತನ್ನು ಗ್ರಹಿಸುತ್ತಿದ್ದರು. ಆ ಗ್ರಹಿಕೆಗೆ ನೆನಪಿನ ಬಲವೂ ಬೇಕು. ತನ್ನ ಮಾತಿನೊಡನೆ ಇತರರ ಮಾತೂ ಮನಸ್ಸಿನಲ್ಲಿದ್ದರೆ ಮಾತ್ರ ತುಟಿಯ ಒಂದು ಅಲುಗಾಟದಿಂದ ಮಾತು ಎಲ್ಲಿಗೆ ಬಂತೆಂಬುದನ್ನು ಹಿಡಿಯಬಹುದು. ಅವರೊಡನೆ ಅಭಿನಯಿಸಿದ ಎಷ್ಟೋ ಮಂದಿ ಇದನ್ನು ಬೆರಗಿನಿಂದ ನೆನೆದಿದ್ದಾರೆ. ಚಿತ್ರ ನೋಡುವ ಪ್ರೇಕ್ಷಕರಿಗಾದರೋ ಈ ನಟನ ಕಿವಿ ಕೇಳಿಸದೆಂಬ ಸುಳಿವೇ ಸಿಗುತ್ತಿರಲಿಲ್ಲ. ಮಾತನ್ನು ಎಳೆದು, ತಡೆದು, ತಟ್ಟನೆ ಬಿಡುವ ಅವರ ರೀತಿ ಅವರಿಗೇ ವಿಶಿಷ್ಟವಾದುದು. ಅದನ್ನು ಅನುಕರಿಸಿ ನಗಿಸುವವರು ಹಳ್ಳಿಹಳ್ಳಿಯಲ್ಲಿಯೂ ಇದ್ದರು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದನ್ನು ಚಿತ್ರೀಕರಿಸಿದ್ದು ಕನ್ನಡ ನಾಡಿನಲ್ಲಲ್ಲ, ಕೊಲ್ಹಾಪುರದಲ್ಲಿ. ಈ ಸಂಗತಿಯನ್ನು ಇಲ್ಲಿ ನೆನಪಿನಲ್ಲಿಡಬೇಕು. ಕನ್ನಡ ಚಿತ್ರಕ್ಕೆ ಸ್ವಂತ ನೆಲೆ ಇಲ್ಲವೆಂಬ ಕೊರಗು ಅಂದಿನಿಂದಲೇ ಮೊದಲಾಯಿತು. ಬಾಲಕೃಷ್ಣ ಅವರ ಬಾಳಿನ ಕೊನೆಯ ಅಧ್ಯಾಯವೂ ಆ ಕೊರಗಿನಿಂದಲೇ ಹುಟ್ಟಿತು. ಅವರು ಚಿತ್ರರಂಗವನ್ನು ಪ್ರವೇಶಿಸಿದ್ದು 1943ರಲ್ಲಿ, ‘ರಾಧಾರಮಣ’ ಎಂಬ ಚಿತ್ರದ ಮೂಲಕ. ಎರಡನೆಯ ಮಹಾಯುದ್ಧದ ದಿನಗಳವು. ಕಚ್ಚಾ ಫಿಲಂ ಸಿಗುವುದೇ ದುರ್ಲಭವಾಗಿತ್ತು. ನಟಿ ಎಂ. ವಿ. ರಾಜಮ್ಮನವರು ನಿರ್ಮಿಸಿದ ಆ ಚಿತ್ರದಲ್ಲಿಯೇ ಜಿ. ವಿ. ಅಯ್ಯರ್ ಅವರೂ ಮೊದಲು ಕಾಣಿಸಿಕೊಂಡರು. ಈ ಇಬ್ಬರ ಸ್ನೇಹವು ಮುಂದೆ ಒಂದು ದೊಡ್ಡ ಸಾಹಸಕ್ಕೆ ಕಾರಣವಾಯಿತು.

ಆ ಸಾಹಸವನ್ನು ತಿಳಿಯಬೇಕಾದರೆ ಅಂದಿನ ಕಲಾವಿದರ ಸ್ಥಿತಿಯನ್ನು ತಿಳಿದಿರಬೇಕು. ಸಕಲೇಶಪುರದ ಕಾಫಿ ತೋಟದಲ್ಲಿ ದುಡಿಯುವ ಆಳಿನ ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ. ವಾರಕ್ಕೋ ತಿಂಗಳಿಗೋ ಬಟವಾಡೆಯಾಗುತ್ತದೆ. ತೋಟದ ಕಾರ್ಮಿಕರ ವಸತಿ, ಆರೋಗ್ಯಗಳಿಗಾಗಿ 1951ರಲ್ಲಿ ಒಂದು ಕಾಯಿದೆಯೇ ಬಂದಿತು. ಕೋಲಾರದ ಚಿನ್ನದ ಗಣಿಯ ಕಾರ್ಮಿಕರು 1930ರಷ್ಟು ಹಿಂದೆಯೇ ಒಗ್ಗಟ್ಟಾಗಿ ಮುಷ್ಕರ ಹೂಡಿದ್ದರು. ಆದರೆ ನಟನಿಗೆ ಹಾಜರಿ ಪುಸ್ತಕವೆಲ್ಲಿ? ಒಂದು ಚಿತ್ರಕ್ಕೆ ಇಷ್ಟೆಂದು ಮಾತಾಗುತ್ತದೆ. ಆ ಚಿತ್ರ ಮುಗಿದು ಮತ್ತೊಂದು ಚಿತ್ರ ಸಿಗುವವರೆಗೆ ಅವನಿಗೆ ಸಂಬಳವೂ ಇಲ್ಲ, ಕೇಳುವವರೂ ಇಲ್ಲ. 1950ರ ದಶಕದಲ್ಲಿ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದವು, ಅವುಗಳ ಸಂಖ್ಯೆಯೂ ಸ್ವಲ್ಪ. ತಮಿಳು, ತೆಲುಗು ಚಿತ್ರಗಳ ಸರದಿ ತಪ್ಪಿದಾಗ ಕನ್ನಡ ಚಿತ್ರಕ್ಕೆ ಜಾಗ. ಇದರ ಮೇಲೆ ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸಿ ತೋರಿಸುವ ಡಬ್ಬಿಂಗ್ ಪದ್ಧತಿಯೂ ಬಂದಿತ್ತು. ನಾಡು 1956ರಲ್ಲಿ ಒಂದಾಯಿತು. ಆದರೆ ಕನ್ನಡದ ನಟರು ಮದರಾಸಿನ ಬಾಡಿಗೆಯ ಕೋಣೆಗಳಲ್ಲಿ ಕೆಲಸಕ್ಕಾಗಿ ಕಾಯುವುದು ತಪ್ಪಲಿಲ್ಲ.

ಇಂತಹ ಸಮಯದಲ್ಲಿ, ದಶಕದ ಕೊನೆಯ ವರ್ಷಗಳಲ್ಲಿ, ನಾಲ್ವರು ಒಂದಾದರು. ಬಾಲಕೃಷ್ಣ, ಜಿ. ವಿ. ಅಯ್ಯರ್, ರಾಜಕುಮಾರ್, ನರಸಿಂಹರಾಜು. ನಾಲ್ವರೂ ವೃತ್ತಿ ರಂಗಭೂಮಿಯಿಂದ ಬಂದವರು. ನಾಲ್ವರಲ್ಲಿ ಬಾಲಕೃಷ್ಣ ಅವರೇ ಹಿರಿಯರು. ಅವರು ಕಟ್ಟಿದ ಸಂಸ್ಥೆಗೆ ಕನ್ನಡ ಚಲನಚಿತ್ರ ಕಲಾವಿದರ ಸಂಘವೆಂದು ಹೆಸರು. ಕಾರ್ಖಾನೆಯ ಸಂಘವು ಮಾಲೀಕನ ಮುಂದೆ ಬೇಡಿಕೆಗಳನ್ನು ಇಡಬಹುದು. ಇಲ್ಲಿ ಬೇಡಿಕೆ ಇಡುವುದಾದರೂ ಯಾರ ಮುಂದೆ? ಕೆಲಸ ಕೊಡುವವರೇ ವಿರಳವಾಗಿದ್ದಾಗ ಕೆಲಸವನ್ನು ತಾವೇ ಹುಟ್ಟಿಸಿಕೊಳ್ಳುವುದೊಂದೇ ಉಳಿದ ದಾರಿ. ತೆರೆಯ ಮೇಲೆ ಹೆಸರು ಗಳಿಸಿದ್ದ ಈ ನಟರು ಮತ್ತೆ ಪರದೆ ಪೆಟ್ಟಿಗೆಗಳನ್ನು ಹೊರಿಸಿಕೊಂಡು ಊರೂರಿಗೆ ಹೋಗಿ ನಾಟಕವಾಡಿದರು. ಚಿತ್ರದಲ್ಲಿ ಕಂಡ ಮುಖಗಳನ್ನು ಎದುರಿಗೇ ಕಾಣಲು ಜನ ನೆರೆದರು. ಹೀಗೆ ಬಂದ ಹಣ ಕೆಲಸವಿಲ್ಲದ ದಿನಗಳಲ್ಲಿ ಕಲಾವಿದರ ಹೊಟ್ಟೆಗೆ ಆಧಾರವಾಯಿತು. ಚಿತ್ರನಟನೆಂಬ ಬಿಗುಮಾನವನ್ನು ಬದಿಗಿಟ್ಟು ಹಳೆಯ ರಂಗಕ್ಕೆ ಮರಳುವುದು ಸುಲಭದ ಮಾತಲ್ಲ. ಅವರು ಮಾಡಿದ ಕೆಲಸಗಳಲ್ಲಿ ಇದೇ ದೊಡ್ಡದೆಂದು ನನ್ನ ಎಣಿಕೆ.

ನಾಟಕದಿಂದ ಬಂದ ಧೈರ್ಯದಲ್ಲಿ ಸಂಘವು ಚಿತ್ರನಿರ್ಮಾಣಕ್ಕೂ ಕೈಹಾಕಿತು. ಹದಿನೇಳನೆಯ ಶತಮಾನದಲ್ಲಿ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರ ಕಥೆಯನ್ನು ಆರಿಸಿಕೊಂಡರು. ಅಯ್ಯರ್ ಚಿತ್ರದ ಸಾಹಿತ್ಯವನ್ನು ಸಿದ್ಧಪಡಿಸಿದರು, ಎನ್. ಸಿ. ರಾಜನ್ ನಿರ್ದೇಶಿಸಿದರು, ರಾಜಕುಮಾರ್ ನಾಯಕರು, ಬಾಲಕೃಷ್ಣ, ನರಸಿಂಹರಾಜು ಇಬ್ಬರೂ ಅಭಿನಯಿಸಿದರು. ಬಂಡವಾಳಗಾರರಲ್ಲದ ನಟರು ಅರಮನೆ, ಸೇನೆ, ಕತ್ತಿಯ ಕಾಳಗಗಳು ಬೇಕಾದ ಚಾರಿತ್ರಿಕ ಚಿತ್ರಕ್ಕೆ ಇಳಿದದ್ದನ್ನು ಲೆಕ್ಕ ಬಲ್ಲವರು ಹುಚ್ಚೆಂದು ಬಗೆದಿದ್ದರೆ ಆಶ್ಚರ್ಯವಿಲ್ಲ. ಚಿತ್ರ ಸೋತಿದ್ದರೆ ನಾಲ್ವರೂ ಸಾಲದಲ್ಲಿ ಮುಳುಗುತ್ತಿದ್ದರು. ‘ರಣಧೀರ ಕಂಠೀರವ’ 1960ರಲ್ಲಿ ಬಿಡುಗಡೆಯಾಯಿತು, ಗೆದ್ದಿತು. ಮುಂದಿನ ವರ್ಷಗಳಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರ ಮುಂದಾಳ್ತನದಲ್ಲಿ ಡಬ್ಬಿಂಗ್ ವಿರುದ್ಧ ಚಳವಳಿ ನಡೆಯಿತು. ಕನ್ನಡ ಚಿತ್ರಗಳ ಸಂಖ್ಯೆ ಹೆಚ್ಚಿತು, ನಟರ ಕೈಗೆ ಕೆಲಸ ಬಂತು. ನಾಲ್ವರೂ ತಮ್ಮ ತಮ್ಮ ದಾರಿಯಲ್ಲಿ ಬೆಳೆದರು. ಅಯ್ಯರ್ ಅವರ ‘ಆದಿ ಶಂಕರಾಚಾರ್ಯ’ 1983ರಲ್ಲಿ ಸಂಸ್ಕೃತದ ಮೊದಲ ಚಲನಚಿತ್ರವೆನಿಸಿತು.

ನರಸಿಂಹರಾಜು ತಿಪಟೂರಿನವರು, ಅರಸೀಕೆರೆಗೆ ತಿಪಟೂರು ನೆರೆಯ ಊರು. ಈ ನೆರೆಹೊರೆಯವರ ಜೋಡಿ ತೆರೆಯ ಮೇಲೆ ಬಂದರೆ ಸಾಕು, ಕೊಟ್ಟಿಗೆಯಂತಹ ಟೆಂಟಿನಲ್ಲಿ ಮಣ್ಣಿನ ನೆಲದ ಮೇಲೆ ಕುಳಿತ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲ ಹಾಸ್ಯವೂ ಉತ್ತಮವೆಂದು ಹೇಳಲಾಗದು. ಕಥೆಗೆ ಅಂಟದ ಹಾಸ್ಯ, ಒಂದೇ ಬಗೆಯ ಪೆದ್ದುತನ ಎಷ್ಟೋ ಚಿತ್ರಗಳಲ್ಲಿ ಮರುಕಳಿಸಿದೆ. ಕರೆದ ಚಿತ್ರಗಳನ್ನೆಲ್ಲ ಒಪ್ಪಿಕೊಳ್ಳಬೇಕಾದ ನಟನಿಗೆ ಅದು ತಪ್ಪಿದ್ದಲ್ಲ. ಪಾತ್ರ ಗಟ್ಟಿಯಾಗಿದ್ದಾಗ ಮಾತ್ರ ಬಾಲಕೃಷ್ಣ ಅವರ ಶಕ್ತಿ ಬೇರೆಯೇ ಆಗಿ ತೋರುತ್ತಿತ್ತು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು 1972ರಲ್ಲಿ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ನೋಡಬೇಕು. ಬರಡು ನೆಲವನ್ನು ಹಸನು ಮಾಡಲು ಹೊರಟ ರಾಜೀವನ ಬೆನ್ನಿಗೆ ನಿಲ್ಲುವ ಹಳ್ಳಿಯ ಹಿರಿಯನ ಪಾತ್ರವದು. ಇನ್ನೊಂದು ಚಿತ್ರದಲ್ಲಿ ಜಿಪುಣನಾಗಿಯೋ ಕುಟಿಲನಾಗಿಯೋ ಬೈಗುಳ ತಿಂದ ಅದೇ ಮುಖ ಇಲ್ಲಿ ನಂಬಿಕೆಗೆ ನೆಲೆಯಾಗುತ್ತದೆ.

ಕನ್ನಡ ಚಿತ್ರ ಕನ್ನಡ ನೆಲದಲ್ಲಿಯೇ ತಯಾರಾಗಬೇಕೆಂಬ ಹಂಬಲ ಅವರನ್ನು ಬಿಡಲಿಲ್ಲ. 1960ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಕೆಂಗೇರಿಯ ಸಮೀಪ ಸರ್ಕಾರವು 20 ಎಕರೆ ಜಮೀನನ್ನು ಅವರಿಗೆ ನೀಡಿತು. ಅಲ್ಲಿ ಅವರು ಸ್ಟುಡಿಯೋ ಕಟ್ಟಲು ತೊಡಗಿದರು. ಅದಕ್ಕೆ ‘ಅಭಿಮಾನ್’ ಎಂದು ಹೆಸರಿಟ್ಟರು. ಸ್ಟುಡಿಯೋ ಎಂದರೆ ನಾಲ್ಕು ಗೋಡೆ, ಒಂದು ಮಾಡು ಅಷ್ಟೇ ಅಲ್ಲ. ಎತ್ತರದ ಚಿತ್ರೀಕರಣ ಅಂಗಣ ಬೇಕು, ದೀಪಗಳೂ ಅವಕ್ಕೆ ತಕ್ಕ ವಿದ್ಯುಚ್ಛಕ್ತಿಯೂ ಬೇಕು, ಧ್ವನಿಗ್ರಹಣ ಸಂಸ್ಕರಣಗಳ ಯಂತ್ರಗಳು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ವರ್ಷವಿಡೀ ಬಾಡಿಗೆಗೆ ಬರುವ ನಿರ್ಮಾಪಕರು ಬೇಕು. ಪೋಷಕ ನಟನ ಸಂಭಾವನೆ ಇಂತಹ ಬಾಯಿಗೆ ಎಷ್ಟು ತುತ್ತು? ದುಡಿದುದನ್ನೆಲ್ಲ ಅದಕ್ಕೇ ಸುರಿದರು, ಸಾಲ ಬೆಳೆಯಿತು. ಚಿತ್ರಗಳು ಸ್ಟುಡಿಯೋವನ್ನು ಬಿಟ್ಟು ಹೊರಾಂಗಣಕ್ಕೆ, ನಿಜವಾದ ಮನೆ ಹೊಲಗಳಿಗೆ ಹೋಗತೊಡಗಿದ ಕಾಲವೂ ಅದೇ ಆಗಿತ್ತು. ವ್ಯವಹಾರದ ದೃಷ್ಟಿಯಿಂದ ನೋಡಿದರೆ ಐವತ್ತು ದಾಟಿದ ಮೇಲೆ ಅವರು ಈ ಹೊರೆಯನ್ನು ಹೊತ್ತದ್ದು ಸರಿಯಾದ ಎಣಿಕೆಯಲ್ಲ. ಸಂಘ ಕಟ್ಟಿದಾಗ ನಾಲ್ವರ ಹೆಗಲಿತ್ತು. ಸ್ಟುಡಿಯೋ ಕಟ್ಟುವಾಗ ಅವರು ಬಹುಮಟ್ಟಿಗೆ ಒಂಟಿಯಾಗಿದ್ದರು. ಅಭಿಮಾನ್ ಸ್ಟುಡಿಯೋ ಅವರು ಕನಸಿದಂತೆ ಬೆಳೆಯಲಿಲ್ಲ. ಅದರ ಹೊರೆ ಅವರ ಮುಪ್ಪಿನವರೆಗೂ ಬೆನ್ನಿಗಿತ್ತು. ಮುಪ್ಪಿನಲ್ಲಿಯೂ ಅವರು ಬಣ್ಣ ಹಚ್ಚಿದರು.

ನರಸಿಂಹರಾಜು 1979ರಲ್ಲಿಯೇ ತೀರಿಕೊಂಡಿದ್ದರು. ಬಾಲಕೃಷ್ಣ ಅವರು 1995ನೆಯ ಇಸವಿ ಜುಲೈ 19ರಂದು, ಎಂಬತ್ತಮೂರರ ವಯಸ್ಸಿನಲ್ಲಿ, ಕಾಲವಾದರು. ಹದಿನಾಲ್ಕು ವರ್ಷಗಳ ಅನಂತರ, 2009ರ ಡಿಸೆಂಬರ್ 30ರಂದು ನಟ ವಿಷ್ಣುವರ್ಧನ್ ನಿಧನರಾದಾಗ, ಅವರ ಅಂತ್ಯಕ್ರಿಯೆ ಅಭಿಮಾನ್ ಸ್ಟುಡಿಯೋದ ಆವರಣದಲ್ಲಿಯೇ ನಡೆಯಿತು. ಬಾಲಕೃಷ್ಣ ಅವರ ಹೆಸರನ್ನು ಮರೆತಿದ್ದ ಎಷ್ಟೋ ಮಂದಿ ಅಂದು ಆ ನೆಲವನ್ನು ಮೊದಲ ಬಾರಿಗೆ ಕಂಡರು. ಆಮೇಲೆ ಅದು ವ್ಯಾಜ್ಯಗಳಿಗೂ ಸಿಕ್ಕಿತು.

ಅವರ ಚಿತ್ರಗಳು ಮಾತ್ರ ಮನೆಗಳಿಗೆ ಬಂದವು. ಬೆಂಗಳೂರು ದೂರದರ್ಶನವು 1980ರ ದಶಕದಲ್ಲಿ ಭಾನುವಾರ ಸಂಜೆ ಕನ್ನಡ ಚಿತ್ರಗಳನ್ನು ತೋರಿಸುತ್ತಿದ್ದಾಗ, ಟೆಂಟು ಮುಟ್ಟದ ಊರುಗಳವರೂ ಅಕ್ಕಪಕ್ಕದ ಮನೆಗಳಲ್ಲಿ ಗುಂಪುಗೂಡಿ ಅವರನ್ನು ನೋಡಿದರು. ಆ ಹಳೆಯ ಚಿತ್ರಗಳು ಈಗಲೂ ನೋಡಲು ಸಿಗುತ್ತವೆ. ಅವುಗಳಲ್ಲಿ ಬಾಲಕೃಷ್ಣ ಅವರು ಸುಮ್ಮನೆ ನಿಂತು ಇನ್ನೊಬ್ಬರ ಮಾತನ್ನು ಕೇಳುವ ದೃಶ್ಯಗಳನ್ನು ಗಮನಿಸಬೇಕು. ತಲೆ ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ. ಕಣ್ಣುಗಳು ಎದುರಿಗಿರುವವರ ಮುಖದಿಂದ ಕದಲುವುದಿಲ್ಲ.