ಕಂಪನಿಗೆ ತಲೆಬಾಗದ ನರಗುಂದದ ಬಾಬಾಸಾಹೇಬರು: ಅವರ ಬದುಕು ಇವತ್ತಿಗೂ ಕೇಳುವ ಪ್ರಶ್ನೆ

ನರಗುಂದ: ನಮ್ಮ ಭಾಗದಾಗ ಬಾಬಾಸಾಹೇಬರ ಹೆಸರು ಕೇಳದವರು ಯಾರೂ ಇಲ್ಲ. ಮ್ಯಾನ್ಸನ್ ರುಂಡ ಹಾರಿಸಿದ ಧೀರ ಅಂತ ಸಾಲಿ ಹುಡುಗರೂ ಹೇಳ್ತಾರ. ಆದರೆ ಅವರು ಎದುರು ಹಾಕಿಕೊಂಡಿದ್ದು ಯಾರನ್ನ ಅನ್ನೋದನ್ನ ನಾವು ಅಷ್ಟಾಗಿ ಯೋಚನೆ ಮಾಡಿಲ್ಲ. ಅದು ಬ್ರಿಟನ್ ರಾಣಿಯ ನೇರ ಆಡಳಿತ ಆಗಿರಲಿಲ್ಲ. ಲಂಡನ್ನಿನಾಗ ಶೇರುದಾರರಿದ್ದ, ವರ್ಷಾ ವರ್ಷಾ ಲಾಭಾಂಶ ಹಂಚುತ್ತಿದ್ದ ಒಂದು ಖಾಸಗಿ ಕಂಪನಿ ಆಗಿತ್ತು.

ಬಾಬಾಸಾಹೇಬರ ನಿಜವಾದ ಹೆಸರು ಭಾಸ್ಕರರಾವ್ ಭಾವೆ. ತಂದೆ ದಾದಾಜಿರಾವ್ 1842ರಲ್ಲಿ ತೀರಿಕೊಂಡ ಮೇಲೆ ನರಗುಂದದ ಗಾದಿ ಇವರಿಗೆ ಬಂತು. ಓದಿನ ಹುಚ್ಚಿದ್ದ ಮನುಷ್ಯ. ಸಾವಿರಾರು ಸಂಸ್ಕೃತ ಗ್ರಂಥಗಳನ್ನ ಕೂಡಿಸಿ ಇಟ್ಟಿದ್ದರು. ನರಗುಂದದಂಥ ಸಣ್ಣ ಸಂಸ್ಥಾನದಾಗ ಅಷ್ಟು ದೊಡ್ಡ ಗ್ರಂಥ ಭಂಡಾರ ಇತ್ತು ಅನ್ನೋದು ಇವತ್ತಿಗೂ ಹೆಮ್ಮೆಯ ಮಾತು.

ಕೈ ಬದಲಾದ ಊರು

ಬಾಬಾಸಾಹೇಬರು ಹುಟ್ಟುವ ಮೊದಲೇ ನರಗುಂದ ಹಲವು ಸಲ ಕೈ ಬದಲಾಗಿತ್ತು. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಕೋಟೆ ಹಿಡಿದು ಭಾವೆ ಮನೆತನದ ವೆಂಕಟರಾವ್ ಅವರನ್ನ ಸೆರೆ ಒಯ್ತು. 1787ರಲ್ಲಿ ಮರಾಠರು ಮತ್ತು ಟಿಪ್ಪು ನಡುವೆ ನಮ್ಮ ಗಜೇಂದ್ರಗಡದಾಗೇ ಒಪ್ಪಂದ ಆತು. ಅದರ ಪ್ರಕಾರ ನರಗುಂದ ಮತ್ತೆ ಮರಾಠರಿಗೆ ಹೋಯ್ತು. 1818ರಲ್ಲಿ ಪೇಶ್ವೆ ಆಳ್ವಿಕೆ ಮುಗೀತು, ಈಸ್ಟ್ ಇಂಡಿಯಾ ಕಂಪನಿ ಬಂತು. ಭಾವೆ ಮನೆತನ ಗಾದಿ ಮೇಲೆ ಉಳೀತು, ಆದರೆ ಮೇಲಿನ ಯಜಮಾನ ಬದಲಾದ. ಇಷ್ಟೆಲ್ಲ ಆದರೂ ಹೊಲದಾಗ ಜೋಳ ಬಿತ್ತುವವನನ್ನ ಯಾರೂ ಒಂದು ಮಾತು ಕೇಳಲಿಲ್ಲ.

ಕಂಪನಿ ಹುಟ್ಟಿದ್ದು 1600ರಲ್ಲಿ, ಮೆಣಸು, ಲವಂಗದ ವ್ಯಾಪಾರಕ್ಕೆ. 1833ರ ಕಾಯ್ದೆ ಬಂದ ಮೇಲೆ ಅದರ ವ್ಯಾಪಾರನೇ ನಿಂತು ಹೋಯ್ತು. ಉಳಿದದ್ದು ಆಡಳಿತ ಅಷ್ಟೇ. ಆದರೂ ಶೇರುದಾರರಿಗೆ ವರ್ಷಕ್ಕೆ ಶೇಕಡಾ 10.5 ಲಾಭಾಂಶ ಹೋಗ್ತಾನೇ ಇತ್ತು, ಅದೂ ಭಾರತದ ಕಂದಾಯದಿಂದ. ಅಂದ್ರ ನಮ್ಮ ರೈತ ಕಟ್ಟಿದ ತೀರುವೆ ಸಮುದ್ರ ದಾಟಿ ಯಾರದೋ ಕಿಸೆ ಸೇರ್ತಿತ್ತು. ಲಂಡನ್ ಪಾರ್ಲಿಮೆಂಟು ಮೇಲ್ವಿಚಾರಣೆ ಮಾಡ್ತಿತ್ತು ಖರೆ, ಆದರೆ ಆ ಪಾರ್ಲಿಮೆಂಟಿಗೂ ನಮ್ಮವರ ಓಟು ಇರಲಿಲ್ಲ.

ದತ್ತಕಕ್ಕೆ ಅಡ್ಡಿ

ಬಾಬಾಸಾಹೇಬರ ಮಗ ತೀರಿಕೊಂಡ. ವಾರಸುದಾರ ಬೇಕು ಅಂತ ದತ್ತಕಕ್ಕೆ ಅನುಮತಿ ಕೇಳಿದರು. ಮುಂಬೈನ ಕಂಪನಿ ಸರ್ಕಾರ ಕೊಡಲಿಲ್ಲ. ಲೆಕ್ಕ ಸರಳ ಇತ್ತು: ವಾರಸುದಾರ ಇಲ್ಲದಿದ್ರ ಸಂಸ್ಥಾನ ತಾನಾಗೇ ಕಂಪನಿ ಪಾಲಾಗ್ತದ. ಕಿತ್ತೂರಿನಾಗ 1824ರಲ್ಲಿ ಚೆನ್ನಮ್ಮ ರಾಣಿ ಕತ್ತಿ ಹಿಡಿದದ್ದೂ ದತ್ತಕದ ಇದೇ ಜಗಳಕ್ಕೆ.

ಇದರ ಜೊತೆಗೆ ಇನಾಂ ಕಮಿಷನ್ ಬಂತು. ತಲೆಮಾರುಗಳಿಂದ ಇನಾಂ ಭೂಮಿ ಉಂಡವರು ಕಾಗದ ತೋರಿಸಬೇಕು, ಇಲ್ಲಾ ಭೂಮಿ ಬಿಡಬೇಕು. ದೇಸಾಯಿ, ನಾಡಗೌಡ, ಪೂಜಾರಿ, ಎಲ್ಲರಿಗೂ ಭಯ ಹುಟ್ಟಿತು. ಆ ಕಮಿಷನ್ನಿನಾಗ ಕೆಲಸ ಮಾಡಿದ ಅಧಿಕಾರಿಗಳಲ್ಲಿ ಚಾರ್ಲ್ಸ್ ಮ್ಯಾನ್ಸನ್ ಒಬ್ಬ. ಮುಂದೆ ಅವನೇ ಈ ಭಾಗಕ್ಕೆ ಪೊಲಿಟಿಕಲ್ ಏಜೆಂಟ್ ಆಗಿ ಬಂದ.

1857ರಲ್ಲಿ ಆಯುಧ ಒಪ್ಪಿಸುವ ಕಾಯ್ದೆ ಬಂತು. ಹಲಗಲಿಯ ಬೇಡರು ಒಪ್ಪಲಿಲ್ಲ, ಅವರ ಊರಿಗೇ ಬೆಂಕಿ ಬಿತ್ತು, ಹಿಡಿದವರನ್ನ ಗಲ್ಲಿಗೇರಿಸಿದರು. ಫಿರಂಗಿ ಒಪ್ಪಿಸಬೇಕು ಅಂತ ನರಗುಂದಕ್ಕೂ ಹುಕುಂ ಬಂತು.

ಹದಿನೈದು ದಿನದ ಬಂಡಾಯ

1858ರ ಮೇ ಕೊನೆಗೆ ಮುಂಡರಗಿ ಭೀಮರಾಯರು ಎದ್ದರು. ಡಂಬಳದ ಖಜಾನೆ ಮೇಲೆ ದಾಳಿ ಮಾಡಿ ಕೊಪ್ಪಳ ಕೋಟೆ ಸೇರಿದರು. ಸುದ್ದಿ ನರಗುಂದಕ್ಕೆ ಮುಟ್ಟಿತು. ಬಾಬಾಸಾಹೇಬರೂ ಎದ್ದರು.

ಮೇ 29ರ ರಾತ್ರಿ ಮ್ಯಾನ್ಸನ್ ರಾಮದುರ್ಗದ ಕಡೆಯಿಂದ ಬಂದು ಸುರೇಬಾನದಾಗ ಮುಕ್ಕಾಂ ಮಾಡಿದ್ದ. ಬಾಬಾಸಾಹೇಬರ ದಂಡು ರಾತ್ರೋ ರಾತ್ರಿ ಅಲ್ಲಿಗೆ ಹೋಗಿ ಅವನನ್ನ ಕೊಂದಿತು. ರುಂಡ ತಂದು ನರಗುಂದದ ಅಗಸಿಗೆ ಕಟ್ಟಿದರು.

ಸಹಾಯ ಬರಲಿಲ್ಲ. ಪಕ್ಕದ ರಾಮದುರ್ಗವನ್ನ ಆಳುತ್ತಿದ್ದವರು ಬಾಬಾಸಾಹೇಬರ ಮಲತಮ್ಮನೇ, ಅವರು ಕಂಪನಿ ಕಡೆ ನಿಂತರು. ಜೂನ್ 1ಕ್ಕೆ ಕೊಪ್ಪಳದಾಗ ಭೀಮರಾಯರು ಹೋರಾಡಿ ಸತ್ತರು. ಅದೇ ದಿನ ಕರ್ನಲ್ ಮಾಲ್ಕಮ್‌ನ ಸೈನ್ಯ ನರಗುಂದಕ್ಕೆ ಬಂತು. ಊರು ಬಿತ್ತು. ಬಾಬಾಸಾಹೇಬರು ಕೆಲವರ ಜೊತೆ ತಪ್ಪಿಸಿಕೊಂಡು ಪಂಢರಪುರದ ಯಾತ್ರಿಕರ ವೇಷದಾಗ ತೊರಗಲ್ಲಿನ ಅಡವಿ ಸೇರಿದರು. ಮರುದಿನವೇ ಪೊಲೀಸ್ ಅಧಿಕಾರಿ ಸೌಟರ್ ಕೈಗೆ ಸಿಕ್ಕರು. ಬೆಳಗಾವಿಯಲ್ಲಿ ವಿಚಾರಣೆ ಮುಗಿಸಿ 1858ರ ಜೂನ್ 12ರಂದು ಗಲ್ಲಿಗೇರಿಸಿದರು. ಹೆಂಡತಿ ಮತ್ತು ತಾಯಿ ಮಲಪ್ರಭೆಗೆ ಹಾರವಾದರು. ಸಂಸ್ಥಾನ ಜಪ್ತಿ ಆತು.

ಕರುಳು ಚುರ್ ಅನ್ನೋ ಮಾತು ಮುಂದಿನದು. ಬಾಬಾಸಾಹೇಬರು ಸತ್ತು ಎರಡು ತಿಂಗಳೂ ಆಗಿರಲಿಲ್ಲ, ಆಗಸ್ಟ್ 2ಕ್ಕೆ ಲಂಡನ್ನಿನಾಗ ಕಾಯ್ದೆ ಪಾಸಾಗಿ ಕಂಪನಿ ಆಡಳಿತವೇ ರದ್ದಾಯ್ತು. ಮುಂದೆ 1862ರಲ್ಲಿ ವೈಸರಾಯ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದು ಕೊಟ್ಟ. ಯಾವ ಹಕ್ಕಿಗಾಗಿ ಇವರು ಮನೆ ಮಠ ಕಳಕೊಂಡರೋ, ಅದೇ ಹಕ್ಕು ನಾಲ್ಕು ವರ್ಷದಾಗ ಉಳಿದವರಿಗೆ ಸಿಕ್ಕಿತು.

ಊರು ಯಾರದು?

ಬಾಬಾಸಾಹೇಬರನ್ನ ಗೌರವಿಸೋಣ. ಹಂಗಂತ ಅವರು ಪ್ರಜಾಪ್ರಭುತ್ವಕ್ಕೆ ಹೋರಾಡಿದರು ಅಂತ ಹೇಳಿದ್ರ ತಪ್ಪಾಗ್ತದ. ಒಂದು ಮನೆತನ ಊರು ತನ್ನದು ಅಂತಿತ್ತು, ಒಂದು ಕಂಪನಿ ತನ್ನದು ಅಂತಿತ್ತು. ಮನೆತನ ಊರಾಗೇ ಇತ್ತು, ಕಂಪನಿ ಲಂಡನ್ನಿನಾಗ ಇತ್ತು, ಈ ವ್ಯತ್ಯಾಸ ದೊಡ್ಡದು. ಆದರೆ ಊರು ಜನರದು ಅನ್ನೋ ಮಾತು ಎರಡೂ ಕಡೆ ಇರಲಿಲ್ಲ. ಕಂಪನಿ ಪಕ್ಷ ಹಿಡಿದು ಉಳಿದ ರಾಮದುರ್ಗ ಸಂಸ್ಥಾನದಾಗೂ 1939ರಲ್ಲಿ ಪ್ರಜೆಗಳೇ ದೊರೆಯ ವಿರುದ್ಧ ಎದ್ದು ರಕ್ತ ಹರೀತು.

ಸ್ವಾತಂತ್ರ್ಯದ ನಂತರ 1980ರಲ್ಲಿ ಇದೇ ನರಗುಂದದ ರೈತರು ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿ ವಿರುದ್ಧ ಬೀದಿಗಿಳಿದರು. ಜುಲೈ 21ಕ್ಕೆ ಗೋಲಿಬಾರ್ ಆತು, ರೈತರೂ ಸತ್ತರು, ಪೊಲೀಸರೂ ಸತ್ತರು. ಆದರೆ 1858ಕ್ಕೂ 1980ಕ್ಕೂ ಒಂದು ಫರಕ್ ಇತ್ತು: ಜನರ ಕೈಯಾಗ ಓಟಿತ್ತು. 1983ರ ಚುನಾವಣೆಯಲ್ಲಿ ಆಗಿನ ಸರ್ಕಾರ ಮನೆಗೆ ಹೋಯ್ತು. ಕಂಪನಿಯನ್ನ ಹಂಗ ಮನೆಗೆ ಕಳಿಸೋ ದಾರಿ ಬಾಬಾಸಾಹೇಬರಿಗೆ ಇರಲಿಲ್ಲ.

ಈಗ ಕಂಪನಿಗಳೇ ನಡೆಸುವ ನಗರಗಳ ಮಾತು ಜಗತ್ತಿನ ತುಂಬ ಕೇಳಿ ಬರ್ತಿದೆ. ನಮ್ಮ ಸಂವಿಧಾನದ 243ಕ್ಯೂ ವಿಧಿಯಲ್ಲೇ ಕೈಗಾರಿಕಾ ಟೌನ್‌ಶಿಪ್‌ಗೆ ನಗರಸಭೆ ಬೇಡ ಅನ್ನೋ ಅವಕಾಶ ಇದೆ. ಟಾಟಾ ಕಂಪನಿಯ ಜಮಶೇಡಪುರ ದಶಕಗಳ ಕಾಲ ಚುನಾಯಿತ ನಗರಸಭೆ ಇಲ್ಲದೇ ನಡೆದಿದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ 2013ರಿಂದ ಪ್ರತ್ಯೇಕ ಟೌನ್‌ಶಿಪ್ ಪ್ರಾಧಿಕಾರದ ಕೈಯಲ್ಲಿದೆ. ಅಂಥ ಕಡೆ ರಸ್ತೆ ಛಲೋ ಇರಬಹುದು, ಕಸ ದಿನಾ ಎತ್ತಬಹುದು. ನಮ್ಮ ರೋಣ, ನರಗುಂದ, ಗಜೇಂದ್ರಗಡದ ಪುರಸಭೆಗಳ ಗಟಾರ ನೋಡಿದವರಿಗೆ ಅದೇ ಬೆಸ್ಟ್ ಅನಿಸಬಹುದು.

ಆದರೆ ಗಟಾರ ತುಂಬಿದಾಗ ವಾರ್ಡ್ ಮೆಂಬರ್ ಮನೆ ಮುಂದೆ ಹೋಗಿ ಬೈದು ಬರೋ ಹಕ್ಕು ನಮಗಿದೆ. ಮುಂದಿನ ಸಲ ಅವನನ್ನ ಸೋಲಿಸೋ ಹಕ್ಕೂ ಇದೆ. ಕಂಪನಿ ಶೇರುದಾರನಿಗೆ ಲೆಕ್ಕ ಕೊಡ್ತದ, ಪುರಸಭೆ ನಮಗೆ ಲೆಕ್ಕ ಕೊಡಬೇಕು. ಕೊಡದಿದ್ರ ಕೇಳಬೇಕಾದವರೂ ನಾವೇ. ಪುರಸಭೆ ಸಾಮಾನ್ಯ ಸಭೆ ಯಾವಾಗ ಅಂತ ತಿಳಿದುಕೊಳ್ಳಿ, ನಿಮ್ಮ ಮೆಂಬರ್ ಅಲ್ಲಿ ಬಾಯಿ ಬಿಟ್ಟನೋ ಇಲ್ಲೋ ವಿಚಾರಿಸಿ.