ಕಡಲು, ಮೃದಂಗ, ನೀಲಕಂಠ: ಸಿ.ವಿ. ರಾಮನ್

ಬೆಳಕಿನ ಪಾಠದಲ್ಲಿ ಸಿ.ವಿ. ರಾಮನ್ ಹೆಸರು ಬಂದರೆ ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ನೊಬೆಲ್ ಬಹುಮಾನ, 1930 ಎಂದು ಹಲಗೆಯ ಮೇಲೆ ಬರೆದು ಮುಂದೆ ಹೋಗುತ್ತಾರೆ. ಅದು ನಷ್ಟದ ಪಾಠ. ಆ ಮನುಷ್ಯನ ಕುತೂಹಲ ಒಂದು ವಿಷಯದ ಪುಸ್ತಕದೊಳಗೆ ಕೂರುವಂಥದ್ದಾಗಿರಲಿಲ್ಲ.

ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಕಾಲೇಜು ಅಧ್ಯಾಪಕರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1906ರಲ್ಲಿ, ಬೆಳಕಿನ ವಿವರ್ತನೆ ಕುರಿತ ಅವರ ಲೇಖನ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು. ಆದರೆ ಆ ಕಾಲದಲ್ಲಿ ಸಂಶೋಧನೆ ಹೊಟ್ಟೆ ತುಂಬಿಸುತ್ತಿರಲಿಲ್ಲ. 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಬೆಳಿಗ್ಗೆ ಸಂಜೆ ಬೌಬಜಾರ್ ಬೀದಿಯ ವಿಜ್ಞಾನ ಸಂಘದ ಪ್ರಯೋಗಶಾಲೆ, ನಡುವೆ ಲೆಕ್ಕಪತ್ರ. ಹತ್ತು ವರ್ಷ ಹೀಗೆ ನಡೆಸಿ, 1917ರಲ್ಲಿ ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗಾಗಿ ಸರ್ಕಾರಿ ಕೆಲಸ ಬಿಟ್ಟರು.

ಆ ದಿನಗಳಲ್ಲಿ ಅವರನ್ನು ಹಿಡಿದಿದ್ದು ವೀಣೆ, ತಂಬೂರಿ, ಮೃದಂಗ. ಸಾಮಾನ್ಯ ಡೋಲಿನ ಚರ್ಮದಿಂದ ಸ್ವರಬದ್ಧ ನಾದ ಬರುವುದಿಲ್ಲ, ಮೃದಂಗದಿಂದ ಬರುತ್ತದೆ. ಕಾರಣ, ಚರ್ಮದ ನಡುವೆ ಹಚ್ಚುವ ಕಪ್ಪು ಕರಣೆಯ ಭಾರ. ನಮ್ಮ ವಾದ್ಯ ಮಾಡುವವರ ಕೈಗೆ ಗೊತ್ತಿದ್ದದ್ದನ್ನು ರಾಮನ್ ಅಳೆದು ತೋರಿಸಿದರು.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಕಣ್ಣಿಗೆ ಬಿತ್ತು. ಅದು ಆಕಾಶದ ಪ್ರತಿಬಿಂಬ ಎಂದು ರ್‍ಯಾಲೆಯಂಥ ದೊಡ್ಡವರೇ ಹೇಳಿದ್ದರು. ರಾಮನ್ ಜೊತೆಗಿದ್ದ ನಿಕೋಲ್ ಪಟ್ಟಕದಿಂದ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಮಾಯವಾಗಲಿಲ್ಲ, ಇನ್ನೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ದಾರಿ ಅಲ್ಲಿ ತೆರೆಯಿತು. (ನೀರು ಕೆಂಪು ಬೆಳಕನ್ನು ಹೀರುವುದೂ ಆ ಬಣ್ಣಕ್ಕೆ ಮುಖ್ಯ ಕಾರಣ ಎಂಬುದನ್ನು ಇಂದಿನ ಶಿಕ್ಷಕರು ಸೇರಿಸಿ ಹೇಳಬೇಕು.) ಅದೇ ದಾರಿ 1928ರ ಫೆಬ್ರವರಿ 28ರ ಶೋಧಕ್ಕೆ ಮುಟ್ಟಿತು. ಜೊತೆಗೆ ದುಡಿದ ಕೆ.ಎಸ್. ಕೃಷ್ಣನ್ ಹೆಸರನ್ನೂ ತರಗತಿಯಲ್ಲಿ ಹೇಳುವುದು ನ್ಯಾಯ.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಮರುವರ್ಷವೇ ಹಕ್ಕಿಗಳ ಗರಿ ಮತ್ತು ಚಿಪ್ಪುಗಳ ಬಣ್ಣದ ಬಗ್ಗೆ ಬರೆದರು. ಗರಿಗಳಿಗೆ ಅವರು ಆರಿಸಿಕೊಂಡದ್ದು ನೀಲಕಂಠ. ಮಾಡದಕೆರೆ ಸುತ್ತಿನ ಹೊಲಗಳಲ್ಲಿ ವಿದ್ಯುತ್ ತಂತಿಯ ಮೇಲೆ ಕೂರುವ, ಇಂದು ನಮ್ಮ ರಾಜ್ಯಪಕ್ಷಿಯಾದ ಅದೇ ಹಕ್ಕಿ. ಅದರ ನೀಲಿ ಬರೀ ಸೂಕ್ಷ್ಮ ಕಣಗಳ ಚದುರುವಿಕೆಯಿಂದ ಬಂದದ್ದಲ್ಲ, ಗರಿಯ ಒಳರಚನೆಯಲ್ಲಿ ಬೆಳಕಿನ ಅಲೆಗಳು ಒಂದಕ್ಕೊಂದು ಸೇರಿ ಹುಟ್ಟಿದ್ದು ಎಂಬುದು ಅವರ ವಾದದ ತಿರುಳು. ಪಾಠೋಪಕರಣ ಬೇಕಿದ್ದರೆ ಉದುರಿದ ನವಿಲುಗರಿ ಸಾಕು. ಬೆಳಕಿಗೆ ಅಡ್ಡ ಹಿಡಿದರೆ ಹೊಳಪು ಹೋಗಿ ಕಂದು ಕಾಣುತ್ತದೆ. ಇದು ಜೀವಶಾಸ್ತ್ರದ ಅವಧಿಯೋ ಭೌತಶಾಸ್ತ್ರದ ಅವಧಿಯೋ ಎಂದು ಮಕ್ಕಳು ಕೇಳಿದರೆ ಒಳ್ಳೆಯದೇ.

ಇದೇ ರಾಮನ್ ಅದೇ 1933ರಲ್ಲಿ ಹೆಣ್ಣೆಂಬ ಕಾರಣಕ್ಕೆ ಕಮಲಾ ಭಾಗವತ್ ಅವರಿಗೆ ಪ್ರವೇಶ ನಿರಾಕರಿಸಿದ್ದರು. ಆಕೆ ಪಟ್ಟು ಬಿಡದಾಗ ಒಂದು ವರ್ಷ ಪರೀಕ್ಷಾರ್ಥ ಎಂಬ ಷರತ್ತಿನೊಡನೆ ಸೇರಿಸಿಕೊಂಡರು. ಕಮಲಾ ಮುಂದೆ 1939ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್ ಪಡೆದರು. ಹೆಣ್ಣುಮಕ್ಕಳೇ ಹೆಚ್ಚಿರುವ ತರಗತಿಯಲ್ಲಿ ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

1948ರಲ್ಲಿ ತಮ್ಮದೇ ಸಂಶೋಧನಾಲಯ ಕಟ್ಟಿಕೊಂಡು ವಜ್ರ, ಹೂವಿನ ಬಣ್ಣ, ಕಣ್ಣಿನ ನೋಟ ಎಂದು ಹುಡುಕುತ್ತಲೇ ಇದ್ದರು. ದೃಷ್ಟಿಯ ಶರೀರಕ್ರಿಯೆ ಕುರಿತ ಪುಸ್ತಕ ಬಂದಾಗ ಅವರಿಗೆ ಎಂಬತ್ತರ ಹತ್ತಿರ. 1970ರ ನವೆಂಬರ್ 21ರಂದು ತೀರಿಕೊಂಡರು. ಅಂತ್ಯಸಂಸ್ಕಾರ ಆ ಸಂಸ್ಥೆಯ ತೋಟದಲ್ಲೇ ನಡೆಯಿತು.